ಪುಳಿಮಾರು ಕೈಕಂಬದ ಸಂಶಯಾಸ್ಪದ ವ್ಯಕ್ತಿ

ಸಂಶಯಾಸ್ಪದ ವ್ಯಕ್ತಿಯನ್ನು ಗುರುತಿಸುವುದು ಹೇಗೆ ಎಂದು ಪೊಲೀಸರು ಪಂಚಾಯತ್ ಸಭಾಭವನದ ಪರದೆಯ ಮೇಲೆ ಒಂದೊಂದೇ ಲಕ್ಷಣ ತೋರಿಸುತ್ತಿದ್ದಾಗ, ಹಿಂದಿನಿಂದ ಎರಡನೇ ಸಾಲಿನಲ್ಲಿ ಕೂತಿದ್ದ ಗಡಿಯಾರ ರಿಪೇರಿಯ ಕೃಷ್ಣಮೋಹನರಿಗೆ ಮೈ ಜುಮ್ಮೆಂದಿತು. ಒಂದೇ ಕಡೆ ಬಹಳ ಹೊತ್ತು ಕೂತಿರುತ್ತಾರೆ. ಯಾರ ಜೊತೆಗೂ ಹೆಚ್ಚು ಮಾತಾಡುವುದಿಲ್ಲ. ಪದೇ ಪದೇ ಗಡಿಯಾರ ನೋಡುತ್ತಾರೆ. ಮುಖ ಕೊಟ್ಟು ಮಾತಾಡಲು ಹಿಂಜರಿಯುತ್ತಾರೆ. ಅರವತ್ತೊಂದು ವರ್ಷದ ಬಾಳಿನಲ್ಲಿ ತನ್ನ ಬಗ್ಗೆ ಯಾರೋ ಇಷ್ಟು ವಿವರವಾಗಿ, ಅದೂ ಕೆಂಪು ಅಕ್ಷರದಲ್ಲಿ ಬರೆದದ್ದನ್ನು ಅವರು ನೋಡಿದ್ದು ಅದೇ ಮೊದಲು. ಉಪ್ಪಿಟ್ಟಿನ ತಟ್ಟೆ ಕೈಯಲ್ಲೇ ತಣ್ಣಗಾಯಿತು. ಅಕ್ಕಪಕ್ಕ ನೋಡಿದರು. ಯಾರೂ ಅವರ ಕಡೆ ತಿರುಗಲಿಲ್ಲ.

ಅದರಲ್ಲಿ ಆಶ್ಚರ್ಯವೇನೂ ಇರಲಿಲ್ಲ. ಪುತ್ತೂರಿನಿಂದ ಬಂದ ರಸ್ತೆ ಸುಳ್ಯಕ್ಕೊಂದು ಕಡಬಕ್ಕೊಂದು ಎಂದು ಸೀಳಿಹೋಗುವ ಪುಳಿಮಾರು ಕೈಕಂಬದಲ್ಲಿ ಹನ್ನೊಂದು ಅಂಗಡಿ, ಒಂದು ಬಸ್ ನಿಲ್ದಾಣ, ಒಂದು ಶಾಲೆ. ಆ ಶಾಲೆಯಲ್ಲಿ ಮೂವತ್ತಮೂರು ವರ್ಷ ಪಾಠ ಹೇಳಿ ನಿವೃತ್ತರಾದವರು ದೇವಕಿ ಟೀಚರ್. ಊರಿನ ಅರ್ಧ ಜನ ತಮ್ಮ ಹೆಸರನ್ನು ಮೊದಲು ಗಟ್ಟಿಯಾಗಿ ಕೇಳಿದ್ದೇ ಟೀಚರ ಹಾಜರಿ ಕೂಗಿನಲ್ಲಿ. ಇಂಥ ಟೀಚರನ್ನು ಮದುವೆಯಾದ ದಿನದಿಂದ ಕೃಷ್ಣಮೋಹನರು ಊರಿಗೆ 'ದೇವಕಿ ಟೀಚರ ಗಂಡ'. ಮದುವೆ ಕಾಗದಗಳ ಮೇಲೆ 'ದೇವಕಿ ಟೀಚರ್ ಮತ್ತು ಮನೆಯವರು'. ಶಾಲಾ ವಾರ್ಷಿಕೋತ್ಸವಕ್ಕೆ ಅವರು ದೊಡ್ಡ ಗಡಿಯಾರ ಸರಿಮಾಡಿಕೊಟ್ಟಾಗ ಮೈಕಿನಲ್ಲಿ ಬಂದದ್ದು "ಟೀಚರ ಯಜಮಾನರಿಗೆ ಧನ್ಯವಾದಗಳು" ಎಂದು. ಟೀಚರಾದರೋ, ಹಾಜರಿ ಪುಸ್ತಕದಲ್ಲಿ ಸಾವಿರಾರು ಹೆಸರು ಕೂಗಿದವರು, ಗಂಡನ ಹೆಸರನ್ನು ಮಾತ್ರ ಒಮ್ಮೆಯೂ ಬಾಯಿಬಿಟ್ಟು ಹೇಳಿದವರಲ್ಲ. ಅವರಿಗೆ ಗಂಡ ಎಂದರೆ "ಇದಾ". "ಇದಾ, ಊಟ." "ಇದಾ, ಗೇಟು ಹಾಕಿ."

ಕೃಷ್ಣಮೋಹನರಿಗೆ ಬೇರೇನೂ ಆಸೆ ಇರಲಿಲ್ಲ. ತನ್ನ ಹೆಸರನ್ನು ಒಮ್ಮೆ, ಒಂದೇ ಒಂದು ಸಲ, ನಾಲ್ಕು ಜನರೆದುರು ಗಟ್ಟಿಯಾಗಿ ಕೇಳಬೇಕು. ಕೆಲಸದ ನಡುವೆ, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಪುಟ್ಟ ಚಕ್ರವೊಂದನ್ನು ಚಿಮಟದಲ್ಲಿ ಹಿಡಿದಿರುವಾಗ, ಆ ಹೆಸರು ಎಲ್ಲೋ ದೂರದ ಮೈಕಿನಿಂದ ಹೊರಟು, ಗದ್ದೆ ದಾಟಿ, ಗಾಳಿಯಲ್ಲಿ ಸ್ವಲ್ಪ ಒದ್ದೆಯಾಗಿ ತನ್ನ ಕಿವಿಗೆ ತಲಪುವುದು ಅವರಿಗೆ ಕೇಳಿಸುತ್ತಿತ್ತು. ಅಷ್ಟರಲ್ಲಿ ಚಕ್ರ ಕೆಳಗೆ ಬಿದ್ದು ಮೇಜಿನಡಿ ಉರುಳುತ್ತಿತ್ತು.

ಸಭೆಯಾಗಿ ಮೂರನೇ ದಿನ ಎಸ್ಸೈ ಪ್ರಸನ್ನ, ಮೊದಲ ಪೋಸ್ಟಿಂಗಿನ ಹುಡುಗು ಮುಖದ ಅಧಿಕಾರಿ, ಉಸ್ಮಾನರ ಬ್ಯಾಗಿನಂಗಡಿಗೆ ಬಂದರು. ಕೃಷ್ಣಮೋಹನರ ರಿಪೇರಿ ಮೇಜು ಇರುವುದು ಅದೇ ಅಂಗಡಿಯ ಜಗಲಿಯಲ್ಲಿ.

"ಉಸ್ಮಾನ್ ಅವರೇ, ನಿಮ್ಮ ಸಾಬಿತ್‌ನಿಂದ ಒಂದು ಸಹಾಯ ಆಗ್ಬೇಕಿತ್ತು. ಬರುವ ಬುಧವಾರ ಇಲ್ಲಿ ಅಣಕು ಕಾರ್ಯಾಚರಣೆ ಉಂಟು. ಬಸ್ ಸ್ಟ್ಯಾಂಡಿನಲ್ಲಿ ಬ್ಯಾಗ್ ಹಿಡ್ಕೊಂಡು ಮೂರೂವರೆ ಗಂಟೆ ಕೂತ್ರೆ ಸಾಕು. ಸಂಶಯ ಬಂದು ಜನ ನೂರಹನ್ನೆರಡಕ್ಕೆ ಫೋನ್ ಮಾಡ್ತಾರಾ ಅಂತ ಮೇಲಿನವರು ನೋಡ್ಬೇಕಂತೆ. ಮಂಗಳೂರಿಂದ ದೊಡ್ಡ ಆಫೀಸರ್ ಮೇಡಂ ಬರ್ತಾರೆ."

ಉಸ್ಮಾನರು ಬ್ಯಾಗೊಂದರ ಜಿಪ್ಪಿಗೆ ಮೇಣ ತಿಕ್ಕುತ್ತಿದ್ದವರು ತಲೆಯೆತ್ತಲಿಲ್ಲ. "ಬೇಡ ಸಾರ್."

"ಬರೀ ನಾಟಕ ಅಲ್ವಾ?"

"ಬೇರೆಯವರು ಮಾಡಿದ್ರೆ ನಾಟಕ. ನನ್ನ ಮಗ ಮಾಡಿದ್ರೆ ವಾಟ್ಸ್ಯಾಪ್. ನಿಮ್ಮ ಕಾರ್ಯಾಚರಣೆ ಮಧ್ಯಾಹ್ನಕ್ಕೆ ಮುಗೀತದೆ ಸಾರ್. ಅವನ ಫೋಟೋ ಮತ್ತೆ ಎಷ್ಟು ವರ್ಷ ತಿರುಗ್ತದೋ ಯಾರಿಗೆ ಗೊತ್ತು."

ಎಸ್ಸೈ ಒಳ್ಳೆಯವರು. ಜಿಪ್ಪನ್ನೇ ನೋಡುತ್ತ ನಿಂತರು. ಆಗ ಜಗಲಿಯಿಂದ ಒಂದು ದನಿ ಕೇಳಿತು: "ನಾನು ಕೂತ್ಕೊಳ್ಬಹುದಾ?"

ಎಸ್ಸೈ ಬೆಚ್ಚಿ ತಿರುಗಿದರು. ಅಲ್ಲಿ ಮೂರನೆಯವರೊಬ್ಬರು ಇದ್ದಾರೆಂದು ಅವರಿಗೆ ಗೊತ್ತೇ ಇರಲಿಲ್ಲ.

ಹೀಗೆ ಸಂಶಯಾಸ್ಪದ ವ್ಯಕ್ತಿಯ ನೇಮಕವಾಯಿತು. ನಿಯಮಗಳು ಮೂರೇ. ಒಂಬತ್ತರಿಂದ ಹನ್ನೆರಡೂವರೆವರೆಗೆ ಬೆಂಚಿನಲ್ಲಿ ಕೂತಿರಬೇಕು. ಬ್ಯಾಗು ಬೆಂಚು ಬಿಟ್ಟು ಹೋಗಬಾರದು. ಯಾರಿಗೂ ಹೇಳಬಾರದು, ಹೆಂಡತಿಗೂ. ಬ್ಯಾಗಿನಲ್ಲಿ ಹಳೆ ಬಟ್ಟೆ, ಬಾಂಬಿನ ಬದಲಿಗೆ ಒಂದು ಅಲಾರಂ ಗಡಿಯಾರ. ಹನ್ನೆರಡೂವರೆಗೆ ಅಲಾರಂ ಬಡಿದ ಕೂಡಲೇ ಪೊಲೀಸರು ಹೊರಬರುತ್ತಾರೆ, ಎಲ್ಲವನ್ನೂ ಜನರಿಗೆ ವಿವರಿಸುತ್ತಾರೆ. "ಆಮೇಲೆ ಮೇಡಂ ಮೈಕಿನಲ್ಲಿ ನಿಮ್ಮ ಹೆಸರು ಕರೆದು ಪ್ರಶಂಸಾಪತ್ರ ಕೊಡ್ತಾರೆ," ಎಂದರು ಎಸ್ಸೈ.

"ಮೈಕಿನಲ್ಲಾ?" ಎಂದರು ಕೃಷ್ಣಮೋಹನರು.

"ಮೈಕಿನಲ್ಲಿ."

ಅಲ್ಲಿಂದ ಮುಂದಿನ ಐದು ದಿನ ಕೃಷ್ಣಮೋಹನರ ಕಾಲು ನೆಲಕ್ಕೆ ತಾಗಲಿಲ್ಲ. ದೇಶದ ಭದ್ರತೆಯ ಒಂದು ತುದಿ ತನ್ನ ಹೆಗಲ ಮೇಲೆ ಬಂದಿದೆ ಎಂಬಂತೆ ಅವರು ಒಂದು ಹೆಗಲು ತುಸು ತಗ್ಗಿಸಿಯೇ ನಡೆದರು. ಜಗಲಿಯಲ್ಲಿ ನಿಂತು ದೂರ ನೋಡುವುದನ್ನು ಅಭ್ಯಾಸ ಮಾಡಿದರು. ಕಣ್ಣಿನ ಆಪರೇಶನ್ ಆದಾಗ ಕೊಟ್ಟ ಕಪ್ಪು ಕನ್ನಡಕವನ್ನು ಹುಡುಕಿ ತೆಗೆದರು. ಭಾನುವಾರ ಮೀಸೆ ಬೋಳಿಸಿದರು. ಬಚ್ಚಲಿಂದ ಹೊರಬಂದು ಟೀಚರೆದುರು ಎರಡು ಸಲ ಅತ್ತಿತ್ತ ಹೋದರೂ ಅವರು ಬಸಳೆ ಸೋಸುವುದನ್ನು ನಿಲ್ಲಿಸಲಿಲ್ಲ.

"ಎಂತ ಇದಾ, ಎರಡು ದಿನದಿಂದ ಬಾಯಿಗೆ ಬೀಗ? ಹೊಟ್ಟೆ ಸರಿ ಇಲ್ವಾ?"

"ಕೆಲವು ವಿಷಯ ಹೇಳ್ಲಿಕ್ಕಿಲ್ಲ," ಎಂದರು ಕೃಷ್ಣಮೋಹನರು ಗೋಡೆ ನೋಡುತ್ತ. "ದೇಶಕ್ಕೆ ಸಂಬಂಧಪಟ್ಟದ್ದು."

"ಹಾಗಾದ್ರೆ ದೇಶಕ್ಕೆ ಹೇಳಿ, ಗ್ಯಾಸ್ ಬುಕ್ ಮಾಡ್ಬೇಕು."

ಬುಧವಾರ ಬೆಳಿಗ್ಗೆ ಒಂದು ಧರ್ಮಸಂಕಟ ಬಂತು. ಅಂಗಡಿಯಲ್ಲಿರುವ ಗಡಿಯಾರಗಳೆಲ್ಲ ಗಿರಾಕಿಗಳದ್ದು. ಇನ್ನೊಬ್ಬರ ಗಡಿಯಾರವನ್ನು ಬಾಂಬಿಗೆ ಬಳಸುವುದು ಎಷ್ಟು ಸರಿ? ಕೃಷ್ಣಮೋಹನರ ಆತ್ಮಸಾಕ್ಷಿ ಒಪ್ಪಲಿಲ್ಲ. ಟೀಚರ್ ಹಿತ್ತಿಲಲ್ಲಿದ್ದಾಗ ಅವರು ನಡುಕೋಣೆಯ ಗೂಡಿನಲ್ಲಿದ್ದ ಕೀ ಕೊಡುವ ಅಲಾರಂ ಗಡಿಯಾರವನ್ನು ಎತ್ತಿ ತನ್ನ ನಾಲ್ಕು ಅಂಗಿಗಳ ನಡುವೆ ಸುತ್ತಿ ಕಂದು ಬಣ್ಣದ ಬ್ಯಾಗಿಗೆ ಹಾಕಿದರು. ಮದುವೆಯಲ್ಲಿ ಬಂದ ಉಡುಗೊರೆ ಅದು. ಮೂವತ್ತೊಂದು ವರ್ಷದಿಂದ ಒಂದು ದಿನವೂ ತಪ್ಪದೆ ಅದಕ್ಕೆ ಕೀ ಕೊಟ್ಟವರು ಅವರೇ. ಆ ಮನೆಯಲ್ಲಿ ಟೀಚರ್ ಮಾಡದ ಕೆಲಸ ಅದೊಂದೇ.

ಮಕರ ತಿಂಗಳ ಮಂಜು ಇನ್ನೂ ಬಿಟ್ಟಿರಲಿಲ್ಲ. ಬೆಂಚಿನಲ್ಲಿ ಕೂತಾಗ ಕಪ್ಪು ಕನ್ನಡಕದೊಳಗಿಂದ ಇಡೀ ಕೈಕಂಬ ನೀರೊಳಗಿನ ಊರಿನ ಹಾಗೆ ಕಂಡಿತು. ಬಸ್ಸುಗಳು ದೀಪ ಉರಿಸಿಕೊಂಡು ದೊಡ್ಡ ಮೀನುಗಳಂತೆ ಬಂದು, ಬಾಯಿ ತೆರೆದು ನಾಲ್ಕು ಜನರನ್ನು ನುಂಗಿ, ಮೆಲ್ಲಗೆ ತಿರುಗಿ ಹೋಗುತ್ತಿದ್ದವು. ಬ್ಯಾಗಿನೊಳಗೆ ಗಡಿಯಾರ ಟಿಕ್ ಟಿಕ್ ಎನ್ನುತ್ತಿತ್ತು. ಎದುರಿನ ಕಟ್ಟಡದ ಮಹಡಿಯಲ್ಲಿ, ಅರ್ಧ ಮುಚ್ಚಿದ ಕಿಟಕಿಯ ಹಿಂದೆ ಎಸ್ಸೈ, ಮಂಗಳೂರಿನ ಮೇಡಂ, ಮತ್ತು ಆದದ್ದೆಲ್ಲವನ್ನೂ ಬರೆದುಕೊಳ್ಳಲು ಒಬ್ಬ ಪೇದೆ. ಕೃಷ್ಣಮೋಹನರು ಬೆನ್ನು ನೆಟ್ಟಗೆ ಮಾಡಿದರು. ಸಂಶಯ ಯಾವ ದಿಕ್ಕಿನಿಂದ ಬಂದೀತೆಂದು ಕಾದರು.

ಮೊದಲು ಬಂದವಳು ಹೂ ಮಾರುವ ಸೇವಂತಿ. ಕಪ್ಪು ಕನ್ನಡಕ, ಬೋಳಿಸಿದ ಮೀಸೆ, ಕಂದು ಬ್ಯಾಗು, ಮೂರನ್ನೂ ಒಮ್ಮೆ ನೋಡಿದಳು. ಕೃಷ್ಣಮೋಹನರು ಬ್ಯಾಗನ್ನು ತುಸು ಹತ್ತಿರಕ್ಕೆ ಎಳೆದುಕೊಂಡರು.

"ಹೋ, ಟೀಚರ ಗಂಡ! ಒಳ್ಳೆದಾಯ್ತು. ಈ ಚೀಲ ಸ್ವಲ್ಪ ನೋಡ್ಕೊಳ್ಳಿ, ನಾನು ನ್ಯಾಯಬೆಲೆ ಅಂಗಡಿಗೆ ಹೋಗಿ ಬಂದೆ."

ಅವಳನ್ನು ಕಂಡು ಇನ್ನೊಬ್ಬರು. ಅವರನ್ನು ಕಂಡು ಮತ್ತೊಬ್ಬರು. ಹೆಂಗಸರು, ಮುದುಕರು, ಅಡಿಕೆ ಸುಲಿಯುವ ಕೆಲಸಕ್ಕೆ ಹೊರಟವರು, ಎಲ್ಲರೂ ಬಂದು ಅವರ ಅಕ್ಕಪಕ್ಕ ಚೀಲ ಇಟ್ಟು ಹೋದರು. ಹತ್ತೂಕಾಲಿಗೆ ಸರಿಯಾಗಿ ಬೆಂಚಿನ ಮೇಲೆ ಏಳು ಬ್ಯಾಗು, ಒಂದು ಹಲಸಿನ ಗಿಡ, ಕಾಲು ಕಟ್ಟಿದ ಒಂದು ಊರಕೋಳಿ. ಮಹಡಿಯಲ್ಲಿ ಪೇದೆ ಬರೆದದ್ದು ಹೀಗೆ: 'ಸಂಶಯಾಸ್ಪದ ವ್ಯಕ್ತಿಯ ಬಳಿ ಈಗ ಬ್ಯಾಗುಗಳು ಏಳು. ಸಾರ್ವಜನಿಕರ ಸಹಕಾರ ಚೆನ್ನಾಗಿದೆ.'

"ನಮ್ಮದು ಯಾವುದ್ರೀ?" ಎಂದರು ಮೇಡಂ.

ಎಸ್ಸೈ ಬೈನಾಕ್ಯುಲರ್ ಒರೆಸಿಕೊಂಡರು.

ಜಗಲಿಯಿಂದ ಇದನ್ನೆಲ್ಲ ನೋಡುತ್ತಿದ್ದ ಉಸ್ಮಾನರಿಗೆ ಗೆಳೆಯನ ಪಾಡು ನೋಡಲಾಗಲಿಲ್ಲ. ಊರಿನಲ್ಲಿ ಗುಟ್ಟು ಗೊತ್ತಿದ್ದವರು ಅವರೊಬ್ಬರೇ. ಇಪ್ಪತ್ತು ವರ್ಷದ ಜಗಲಿಯ ಗೆಳೆತನ. ಈ ಹೊತ್ತಿಗೆ ಸಂಶಯಪಡದಿದ್ದರೆ ಇನ್ನು ಯಾವಾಗ? ಅವರು ರಸ್ತೆ ದಾಟಿ ಬಂದು ಹತ್ತು ಜನರ ನಡುವೆ ನಿಂತು ಗಂಟಲೇರಿಸಿದರು.

"ಯಾರು ಈ ಜನ? ಬೆಳಿಗ್ಗೆಯಿಂದ ನೋಡ್ತಾ ಇದ್ದೇನೆ, ಯಾವ ಬಸ್ಸಿಗೂ ಹತ್ತುದಿಲ್ಲ! ನನಗೆ ಸಂಶಯ ಉಂಟಪ್ಪ!"

ಅಷ್ಟರಲ್ಲಿ ನ್ಯಾಯಬೆಲೆ ಅಂಗಡಿಯಿಂದ ಮರಳಿದ್ದ ಸೇವಂತಿ ಹೇಳಿದಳು: "ಎಂತ ಉಸ್ಮಾನಣ್ಣ, ತಲೆಗೆ ಬಿಸಿಲು ಹೊಡೀತಾ? ನಿಮ್ಮ ಜಗಲಿಯಲ್ಲೇ ಕೂತ್ಕೊಳ್ಳುವವರಲ್ವಾ?"

"ಇರ್ಬಹುದು! ಆದ್ರೆ ಒಳಗೆ ಎಂತ ಉಂಟು ಅಂತ ನಮಗೆ ಗೊತ್ತುಂಟಾ?"

ಈ ಮಾತನ್ನು ಕೇಳಿ, ಅಂಗಡಿ ಬಾಗಿಲಲ್ಲಿ ಸ್ಟೂಲಿನ ಮೇಲೆ ಕೂತಿದ್ದ ಉಸ್ಮಾನರ ತಾಯಿ ಬೀಫಾತುಮ್ಮ ಕೋಲೂರಿಕೊಂಡು ಬಂದರು. ಮಗನನ್ನು ಬದಿಗೆ ತಳ್ಳಿ, ಕೃಷ್ಣಮೋಹನರ ಮುಖದ ಹತ್ತಿರ ಬಾಗಿ, ಕಪ್ಪು ಕನ್ನಡಕದೊಳಗೆ ಇಣುಕಿ ನೋಡಿದರು. ಎಪ್ಪತ್ತೆಂಟು ವರ್ಷದ ಕಣ್ಣು.

"ಮೋನೇ, ಮಗನೇ, ಅತ್ತಿದ್ದೀಯಾ ನೀನು?"

"ಇಲ್ಲ ಉಮ್ಮ."

"ಮತ್ತೆ ಕಣ್ಣು ಯಾಕೆ ಮುಚ್ಚಿದ್ದು? ಬ್ಯಾಗಿನಲ್ಲಿ ಎಂತ ಉಂಟು?"

"ಬಟ್ಟೆ."

"ಎಲ್ಲಿಗೆ ಹೋಗುದು?"

ಕೃಷ್ಣಮೋಹನರು ಮಹಡಿಯ ಕಿಟಕಿ ನೋಡಿದರು. ಕೊಟ್ಟ ಮಾತು ನೆನಪಾಯಿತು. "ಹೇಳ್ಲಿಕ್ಕಿಲ್ಲ."

ಬೀಫಾತುಮ್ಮ ನೆಟ್ಟಗಾದರು. ಬಟ್ಟೆ ತುಂಬಿದ ಬ್ಯಾಗು, ಹೇಳಲಾಗದ ಊರು, ಮುಚ್ಚಿದ ಕಣ್ಣು, ಬೋಳಿಸಿದ ಮೀಸೆ. ಇದರ ಅರ್ಥ ತಿಳಿಯಲು ಪರದೆಯ ಮೇಲೆ ಕೆಂಪು ಅಕ್ಷರ ಬೇಕಾಗಿರಲಿಲ್ಲ. "ಮನೆ ಬಿಟ್ಟು ಹೊರಟಿದ್ದಾನೆ," ಎಂದು ಅವರು ನಿಲ್ದಾಣಕ್ಕೆಲ್ಲ ಕೇಳುವಂತೆ ತೀರ್ಪು ಕೊಟ್ಟರು.

ಅದೇ ಹೊತ್ತಿಗೆ ಸುಳ್ಯ ಬಸ್ಸಿನ ಕಂಡಕ್ಟರ್ ಅಚ್ಚುತ ಇಳಿದು ಬಂದ. "ಹೌದು ಉಮ್ಮ, ನಾನೂ ನೋಡಿದ್ದು. ಬೆಳಿಗ್ಗೆ ಪುತ್ತೂರು ಬಸ್ಸಿಗೆ ಕರೆದ್ರು, ಹತ್ತಲಿಲ್ಲ. ಕಡಬಕ್ಕೆ ಕರೆದ್ರು, ಇಲ್ಲ. ಸುಳ್ಯಕ್ಕೆ ನಾನೇ ಕೈ ಹಿಡಿದು ಎಳೆದೆ, ಇಲ್ಲ. ಇರುವ ರಸ್ತೆಯೇ ಮೂರು. ಮೂರೂ ಬೇಡ ಅಂದ್ರೆ ಮನುಷ್ಯ ಎಲ್ಲಿಗೆ ಹೋಗುದು ಮಾರಾಯ್ರೆ?"

ಆ ಪ್ರಶ್ನೆಗೆ ಎಲ್ಲರೂ ಹೆದರಿದರು. ಅಚ್ಚುತ ಸೀಟಿ ಊದಿ ಹೊರಟುಹೋದ. ಸುದ್ದಿ ಅವನ ಜೊತೆಗೇ ಸುಳ್ಯದ ದಾರಿಯಲ್ಲಿ ಪ್ರತಿ ನಿಲ್ದಾಣದಲ್ಲೂ ಇಳಿಯುತ್ತ ಹೋಯಿತು. ಪುತ್ತೂರು ಬಸ್ಸಿನವರು ಇನ್ನೊಂದು ಕಡೆಗೆ ಒಯ್ದರು. ಬೀಫಾತುಮ್ಮ ಮೊಮ್ಮಗಳು ಝುಲೈಖಾಳ ಫೋನು ಕಸಿದು ನೂರಹನ್ನೆರಡು ಒತ್ತಿಸಿದರು. ಆ ದಿನ ಕೈಕಂಬದಿಂದ ಹೋದ ಏಕೈಕ ಕರೆ ಅದು.

"ಹಲೋ, ಬೇಗ ಬನ್ನಿ. ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಬ್ಯಾಗ್ ಹಿಡ್ಕೊಂಡು ಕೂತಿದ್ದಾನೆ."

"ಸಂಶಯ ಬರುವ ಹಾಗೆ ಇದ್ದಾರಾ ಅಮ್ಮ?"

"ಸಂಶಯ ಎಂತದ್ದು? ಖಂಡಿತ! ಹೆಂಡತಿ ಎಂತದೋ ಹೇಳಿರ್ಬೇಕು. ತುಂಬಾ ಪಾಪದವ."

ಎರಡು ನಿಮಿಷದ ಮೇಲೆ ಮಹಡಿಯಲ್ಲಿ ಎಸ್ಸೈಯ ಮೊಬೈಲಿಗೆ ಸಂದೇಶ ಬಂತು: 'ಪುಳಿಮಾರು ಕೈಕಂಬ. ಕೌಟುಂಬಿಕ ಕಲಹ. ಸ್ಥಳಕ್ಕೆ ತೆರಳಿ.' ಎಸ್ಸೈ ಅದನ್ನು ಮೇಡಂಗೆ ತೋರಿಸದೆ ಜೇಬಿಗೆ ಹಾಕಿಕೊಂಡರು.

ಹನ್ನೊಂದೂವರೆಗೆ ಕೆದಂಬಾಡಿಯಿಂದ ಜೀಪಿನಲ್ಲಿ ಭಾವ ವಿಷ್ಣುಪ್ರಸಾದರು ಬಂದರು. ಟೀಚರ ಅಣ್ಣ; ನಾಲ್ಕು ಸಮಿತಿಗಳ ಅಧ್ಯಕ್ಷರು, ಮೂರರ ಗೌರವಾಧ್ಯಕ್ಷರು. ಎಲ್ಲಿ ಹತ್ತು ಜನ ಸೇರಿದರೂ ಅವರಿಗೆ ಅದು ಸಭೆಯೇ. ಕೋಳಿಯನ್ನು ಪಕ್ಕಕ್ಕೆ ಸರಿಸಿ ಬೆಂಚಿನ ಮುಂದೆ ನಿಂತರು.

"ಭಾವ, ಊರವರೆದುರೇ ಹೇಳ್ತೇನೆ. ನನ್ನ ತಂಗಿಯ ಬಾಯಿ ಸ್ವಲ್ಪ ಜೋರು. ಒಪ್ಪಿದೆ. ಮೂವತ್ತಮೂರು ವರ್ಷ ಮಕ್ಕಳಿಗೆ ಬೈದು ಅಭ್ಯಾಸ. ಆದ್ರೆ ಒಮ್ಮೆ ಕೂಡಾ ನಿಮ್ಮನ್ನು ಬೆಂಚಿನ ಮೇಲೆ ನಿಲ್ಲಿಸಿದ್ದುಂಟಾ?"

"ಇಲ್ಲ ಭಾವ."

"ಮತ್ತೆ ಈಗ ಯಾಕೆ ಬೆಂಚು ಹಿಡಿದದ್ದು?"

ಜನ ಎರಡು ಪಾಲಾದರು. ಟೀಚರಿಂದ ಪೆಟ್ಟು ತಿಂದವರೆಲ್ಲ ಕೃಷ್ಣಮೋಹನರ ಕಡೆ. ಕನ್ನಡದಲ್ಲಿ ಪಾಸಾದವರೆಲ್ಲ ಟೀಚರ ಕಡೆ. "ಪಾಪ, ಮೂವತ್ತು ವರ್ಷ ತಡ್ಕೊಂಡದ್ದೇ ದೊಡ್ಡದು," ಎಂದರು ಇವರು. "ಟೀಚರ್ ಇಲ್ಲದಿದ್ರೆ ಇವರಿಗೆ ಅಂಗಿಯ ಗುಂಡಿ ಎಲ್ಲಿ ಉಂಟು ಅಂತ ಗೊತ್ತಿರ್ಲಿಕ್ಕಿಲ್ಲ," ಎಂದರು ಅವರು. ನಡುವೆ ಯಾರೋ ಗೋಳಿಬಜೆ ತಂದು ಕೃಷ್ಣಮೋಹನರ ಕೈಗಿಟ್ಟರು, ಮನೆ ಬಿಟ್ಟು ಹೋಗುವವರು ಹಸಿದು ಹೋಗಬಾರದೆಂದು. ಇಷ್ಟು ಜನ ತನ್ನನ್ನು ನೋಡುವುದು ಕೃಷ್ಣಮೋಹನರಿಗೆ ಹೊಸದು. ಕನಸಿನಲ್ಲಿ ಹೀಗೆ ಆಗಿದ್ದುಂಟು. ಆದರೆ ಅಲ್ಲಿ ಜನ ಹೆಸರು ಹೇಳುತ್ತಿದ್ದರು. ಇಲ್ಲಿ ಎಲ್ಲರೂ ಹೇಳುತ್ತಿದ್ದದ್ದು ಟೀಚರ ಹೆಸರನ್ನೇ.

ಇನ್ನು ಸ್ವಲ್ಪ ಹೊತ್ತು ಎಂದು ಅವರು ಕೈಗಡಿಯಾರ ನೋಡಿಕೊಂಡರು. ಹನ್ನೆರಡು ಹತ್ತು. ಎದುರಿನ ಕಟ್ಟಡದ ಹಿಂದೆ ಆಟೋಗೆ ಕಟ್ಟಿದ ಮೈಕಿನ ಹೂವಿನಂಥ ಬಾಯಿ ತುಸುವೇ ಕಾಣುತ್ತಿತ್ತು.

ಆಗ ಗುಂಪು ತಾನಾಗಿ ಸರಿದು ದಾರಿ ಬಿಟ್ಟಿತು. ದೇವಕಿ ಟೀಚರ್ ಬರುತ್ತಿದ್ದರು.

ಜೋರು ಮಾತಿಲ್ಲ. ಹೆಗಲಲ್ಲಿ ಬಟ್ಟೆಯ ಚೀಲ, ಉಟ್ಟದ್ದು ಶಾಲೆಯ ವಾರ್ಷಿಕೋತ್ಸವಕ್ಕೆ ಉಡುವ ನೀಲಿ ಸೀರೆ. ಬಂದು ಬೆಂಚಿನಲ್ಲಿ, ಕೋಳಿಯ ಈಚೆ, ಗಂಡನ ಪಕ್ಕ ಕೂತರು. ಟೀಚರ್ ಸುಮ್ಮನಿರುವುದನ್ನು ಕೈಕಂಬ ಅಲ್ಲಿಯವರೆಗೆ ನೋಡಿರಲಿಲ್ಲ. ಭಾವನವರೂ ಒಂದು ಹೆಜ್ಜೆ ಹಿಂದೆ ಸರಿದರು.

"ಗಡಿಯಾರ ತಂದಿದ್ದೀರಾ?"

"ಹೂಂ."

"ಕೀ ಕೊಟ್ಟಿದ್ದೀರಾ?"

"ಕೊಟ್ಟಿದ್ದೇನೆ."

ಟೀಚರ್ ಎದುರಿನ ರಸ್ತೆ ನೋಡಿದರು. "ಗೂಡಿನಲ್ಲಿ ಅದು ಇದ್ದ ಜಾಗ ಮಾತ್ರ ಬೆಳ್ಳಗೆ ಉಳಿದಿದೆ. ಬೇರೆ ಎಂತ ತೆಗೊಂಡು ಹೋಗಿದ್ರೂ ನಂಗೆ ಗೊತ್ತಾಗ್ತಿರ್ಲಿಲ್ಲ. ಮನೆಯೊಳಗೆ ಶಬ್ದವೇ ಇಲ್ಲ. ಹಿತ್ತಿಲಿಂದ ಬಂದು ನಿಂತೆ, ಎಷ್ಟು ಹೊತ್ತು ನಿಂತೆ ಅಂತ ನೋಡ್ಲಿಕ್ಕೂ ಗಡಿಯಾರ ಇಲ್ಲ."

ಕೃಷ್ಣಮೋಹನರು ಕೈಯಲ್ಲಿದ್ದ ಗೋಳಿಬಜೆಯನ್ನು ಬೆಂಚಿನ ಮೇಲಿಟ್ಟರು. ಹೇಳಿಬಿಡಲೇ? ಹೇಳಿದರೆ ಸರಕಾರಕ್ಕೆ ಕೊಟ್ಟ ಮಾತು ಹೋಯಿತು, ಮೇಡಂ ಹೋದರು, ಮೈಕು ಹೋಯಿತು. ಹೇಳದಿದ್ದರೆ ಇನ್ನು ಹದಿನೈದು ನಿಮಿಷ ಈ ಮುಖವನ್ನು ಹೀಗೇ ನೋಡುತ್ತ ಕೂತಿರಬೇಕು. ಬರೀ ಹದಿನೈದು ನಿಮಿಷ. ಗಡಿಯಾರದವರಿಗೆ ಹದಿನೈದು ನಿಮಿಷ ಎಂದರೆ ಎಷ್ಟು ಎಂದು ಬೇರೆ ಯಾರೂ ಹೇಳಬೇಕಾಗಿಲ್ಲ.

"ದೇವಕೀ, ನಾನು..."

"ಹೇಳುದು ಬೇಡ." ಟೀಚರ್ ಎದ್ದರು. ಸುಳ್ಯದ ಮೇಲೆ ಸಂಪಾಜೆಗೆ ಹೋಗುವ ಸರಕಾರಿ ಬಸ್ಸು ಧೂಳೆಬ್ಬಿಸಿಕೊಂಡು ಬಂದು ನಿಂತಿತ್ತು. "ಎಲ್ಲಿಗೆ ಬೇಕಾದ್ರೂ ಹೋಗಿ. ನಾನೂ ಬರ್ತೇನೆ. ಮದುವೆಯಾದ ಮೇಲೆ ನಾವಿಬ್ಬರೇ ಎಲ್ಲಿಗಾದ್ರೂ ಹೋದದ್ದುಂಟಾ? ಆಧಾರ್ ಕಾರ್ಡು ತಂದಿದ್ದೇನೆ, ನನಗೆ ಟಿಕೆಟ್ ಫ್ರೀ. ನಿಮ್ಮದನ್ನು ನೀವು ತೆಗೀರಿ."

ಬಸ್ಸಿನ ಹತ್ತಿರ ಹೋಗಿ, ಕಿಟಕಿಯಿಂದ ಕೈ ಹಾಕಿ ಎರಡು ಸೀಟಿನ ಮೇಲೆ ಕರವಸ್ತ್ರ ಇಟ್ಟು, ಹತ್ತಿ ಕೂತರು. ಒಂದು ಸೀಟು ಖಾಲಿ. ಕರವಸ್ತ್ರದ ಮೂಲೆ ಗಾಳಿಗೆ ಸ್ವಲ್ಪ ಏಳುತ್ತಿತ್ತು.

ಕೃಷ್ಣಮೋಹನರು ಮೈಕಿನ ಹೂವನ್ನು ನೋಡಿದರು. ಕರವಸ್ತ್ರವನ್ನು ನೋಡಿದರು. ಕಂಡಕ್ಟರ್ ಸೀಟಿ ಊದಿದ. ಬ್ಯಾಗು ಬೆಂಚು ಬಿಟ್ಟು ಹೋಗಬಾರದೆಂಬ ನಿಯಮ ಅವರಿಗೆ ಚೆನ್ನಾಗಿ ನೆನಪಿತ್ತು. ಆದ್ದರಿಂದ ಬ್ಯಾಗನ್ನು ಅಲ್ಲೇ ಬಿಟ್ಟು, ಓಡಿ ಬಸ್ಸು ಹತ್ತಿದರು.

ಕೈಕಂಬ ಚಪ್ಪಾಳೆ ತಟ್ಟಿತು. ಬೀಫಾತುಮ್ಮ ಕಣ್ಣೊರೆಸಿಕೊಂಡರು. ಭಾವನವರು ಇದು ತನ್ನ ಸಂಧಾನದ ಫಲವೆಂದು ಪಕ್ಕದಲ್ಲಿ ನಿಂತಿದ್ದ ಇಬ್ಬರ ಕೈ ಕುಲುಕಿದರು.

ಮಹಡಿಯಲ್ಲಿ ಎಸ್ಸೈಗೆ ಮಾತ್ರ ಜೀವ ಬಂತು. "ಮೇಡಂ, ಈಗ ನೋಡಿ! ವ್ಯಕ್ತಿ ಪರಾರಿ, ಬ್ಯಾಗು ಬೆಂಚಿನಲ್ಲಿ! ವಾರಸುದಾರರಿಲ್ಲದ ಬ್ಯಾಗು! ನಿಜವಾದ ಪರೀಕ್ಷೆ ಇದು!"

ಮೇಡಂ ಕೈಗಡಿಯಾರ ನೋಡಿಕೊಂಡರು. ವಾರಸುದಾರರಿಲ್ಲದ ಬ್ಯಾಗು ಪುಳಿಮಾರು ಕೈಕಂಬದಲ್ಲಿ ಇದ್ದದ್ದು ಒಟ್ಟು ಒಂದು ನಿಮಿಷ ನಲವತ್ತು ಸೆಕೆಂಡು.

"ಅಯ್ಯೋ, ಬ್ಯಾಗ್ ಬಿಟ್ಟು ಹೋದ!" ಎಂದು ಬೀಫಾತುಮ್ಮ ಕೂಗಿದರು. ಈ ಕಡೆಯ ರಸ್ತೆಗಳಲ್ಲಿ ಬಸ್ಸಿನಲ್ಲಿ ಹೋಗುವುದು ಜನ ಮಾತ್ರವಲ್ಲ. ಮದ್ದು, ಮಲ್ಲಿಗೆ, ಮರೆತುಹೋದ ಕೊಡೆ, ಪರೀಕ್ಷೆಯ ಹಾಲ್ ಟಿಕೆಟ್, ಎಲ್ಲವೂ ಯಾರದೋ ಕೈಯಿಂದ ಯಾರದೋ ಕೈಗೆ ಹೋಗಿ ಸೇರಬೇಕಾದವರನ್ನು ಸೇರುತ್ತದೆ. ಸೇವಂತಿ ಬ್ಯಾಗು ಎತ್ತಿದಳು, ಭಾವನವರು ಚೀಟಿ ಬರೆದು ಸಿಕ್ಕಿಸಿದರು, ಸುಳ್ಯದಿಂದ ವಾಪಸು ಬಂದು ಮತ್ತೆ ಅತ್ತಲೇ ಹೊರಟಿದ್ದ ಅಚ್ಚುತ ಕಿಟಕಿಯಿಂದ ಕೈ ಚಾಚಿ ಒಳಗೆಳೆದುಕೊಂಡ. ಉಸ್ಮಾನರು "ಮುಟ್ಬೇಡಿ! ಬ್ಯಾಗ್ ಮುಟ್ಬೇಡಿ!" ಎಂದು ರಸ್ತೆಯ ನಡುವೆ ಓಡಿದರು. "ಉಮ್ಮ, ಮಗನಿಗೆ ಒಳ್ಳೆ ಡಾಕ್ಟರಿಗೆ ತೋರಿಸಿ," ಎಂದಳು ಸೇವಂತಿ.

ಪೊಲೀಸರು ಮಹಡಿಯಿಂದ ಇಳಿದು ಬರುವಷ್ಟರಲ್ಲಿ ಬೆಂಚಿನಲ್ಲಿ ಉಳಿದದ್ದು ಕೋಳಿ. ಬಾಂಬು ಯಾವ ಕಡೆ ಹೋಯಿತೆಂದು ಎಸ್ಸೈ ಕೇಳಲಾರರು. ಬ್ಯಾಗು ಎಂದು ಕೇಳಿದರು. ಯಾರ ಬ್ಯಾಗೆಂದು ಗೊತ್ತಾಗದೆ, ಪಾಪ ಎಂದು ನಿಲ್ದಾಣದ ಹತ್ತು ಜನ ಹತ್ತು ಬ್ಯಾಗು ಹೋದ ದಾರಿ ತೋರಿಸಿದರು. ಜೀಪು ಮೊದಲು ಕಡಬದ ಬಸ್ಸನ್ನು ಅಟ್ಟಿಕೊಂಡು ಹೋಯಿತು. ಅತ್ತ ಸುಳ್ಯದ ದಾರಿಯಲ್ಲಿ, ಹನ್ನೆರಡೂವರೆಗೆ ಸರಿಯಾಗಿ, ಡ್ರೈವರನ ಸೀಟಿನ ಹಿಂದೆ ಅಲಾರಂ ಬಡಿಯಿತು. ಬಸ್ಸಿನವರೆಲ್ಲ ಒಬ್ಬರ ಮುಖ ಒಬ್ಬರು ನೋಡಿದರು. "ಹೋ, ಊಟಕ್ಕಾಯ್ತು," ಎಂದು ಡ್ರೈವರ್ ಬಸ್ಸನ್ನು ಹೋಟೆಲಿನ ಬದಿಗೆ ತಿರುಗಿಸಿದ.

ಸಂಪಾಜೆಯಲ್ಲಿ ಗಂಡ ಹೆಂಡತಿ ಇಳಿದಾಗ ಮಧ್ಯಾಹ್ನದ ಬಿಸಿಲಿಗೂ ನಿದ್ದೆ ಹತ್ತಿದಂತಿತ್ತು. ಮುಂದೆ ನೋಡುವಂಥದ್ದೇನೂ ಇಲ್ಲ. ಘಟ್ಟ, ಅದರ ಮೇಲೊಂದು ನೀಲಿ ಹೊಗೆ, ಕೆಳಗೆ ತೂಕಡಿಸುವ ಲಾರಿಗಳು. ರಸ್ತೆ ಬದಿಯ ಸಣ್ಣ ಹೋಟೆಲಿನ ಹೊರಗಿನ ಬೆಂಚಿನಲ್ಲಿ ಕೂತರು. ಕೃಷ್ಣಮೋಹನರು ಬಸ್ಸಿನಲ್ಲೇ ಎಲ್ಲವನ್ನೂ ಹೇಳಿ ಮುಗಿಸಿದ್ದರು: ಪಟ್ಟಿ, ಸಾಬಿತ್, ಮಾತು ಕೊಟ್ಟದ್ದು, ಮೈಕು. ಮೈಕಿನ ವಿಷಯ ಹೇಳುವಾಗ ಮಾತ್ರ ಕಿಟಕಿಯ ಕಡೆ ತಿರುಗಿದ್ದರು. ಅರಂತೋಡಿನಲ್ಲಿ ಟೀಚರ್ ಸೀರೆಯ ಸೆರಗು ಬಾಯಿಗೊತ್ತಿ ನಗತೊಡಗಿದ್ದು, ಬಸ್ಸು ಇಳಿದರೂ ನಿಂತಿರಲಿಲ್ಲ.

"ಮೀಸೆ ತೆಗೆದ ದಿನವೇ ನೋಡಿದ್ದೆ ನಾನು," ಎಂದರು ಈಗ. "ಮೂರು ದಿನ ಕಾದೆ, ನೀವಾಗಿ ಹೇಳ್ತೀರಿ ಅಂತ. ಮೇಲ್ತುಟಿ ಮಗುವಿನ ಹಾಗೆ ಉಂಟು."

ಕೃಷ್ಣಮೋಹನರು ಕೈಯಿಂದ ಮೇಲ್ತುಟಿ ಮುಚ್ಚಿಕೊಂಡರು.

ಮಡಿಕೇರಿ ಬಸ್ಸೊಂದು ಬಂದು ನಿಂತಿತು. ಗುರುತಿಲ್ಲದ ಕಂಡಕ್ಟರ್ ಬಾಗಿಲಲ್ಲಿ ಬಗ್ಗಿ, ಕೈಯಲ್ಲಿದ್ದ ಬ್ಯಾಗಿನ ಚೀಟಿ ಓದಿದ. "ಇಲ್ಲಿ ದೇವಕಿ ಟೀಚರ ಗಂಡ ಯಾರು?"

ಕೃಷ್ಣಮೋಹನರು ಎದ್ದು ಹೋಗಿ ಬ್ಯಾಗು ತೆಗೆದುಕೊಂಡರು. ಗಡಿಯಾರ ನಡೆಯುತ್ತಲೇ ಇತ್ತು.

ಅದರ ಹಿಂದೆಯೇ ಧೂಳು ಮುಕ್ಕಿದ ಪೊಲೀಸ್ ಜೀಪು. ಎಸ್ಸೈ ಪ್ರಸನ್ನ ಅಳುವ ಮುಖದಲ್ಲಿ ಇಳಿದರು. ಆಮೇಲೆ ಮೇಡಂ, ನಿಧಾನಕ್ಕೆ. ಅವರು ಬ್ಯಾಗನ್ನು ನೋಡಿದರು, ಚೀಟಿಯನ್ನು ನೋಡಿದರು, ಎದುರಿನ ಬೆಂಚಿನಲ್ಲಿ ಕೂತರು.

"ನನ್ನ ಇಪ್ಪತ್ತೆರಡು ವರ್ಷದ ಸರ್ವಿಸಿನಲ್ಲಿ ಬಾಂಬ್ ಇಷ್ಟು ಜಾಗ್ರತೆಯಲ್ಲಿ ಪ್ರಯಾಣ ಮಾಡಿದ್ದು ನೋಡ್ಲಿಲ್ಲ," ಎಂದರು. ನಗಲಿಲ್ಲ. "ನಿಜವಾದದ್ದು ಆಗಿದ್ರೆ ಆ ಬಸ್ಸಿನಲ್ಲಿ ನಲವತ್ತು ಜನ ಇದ್ರು. ಪ್ರಸನ್ನ, ಮುಂದಿನ ಸಭೆಯಲ್ಲಿ ಲಕ್ಷಣಗಳ ಪಟ್ಟಿ ಸಾಕು. ಬ್ಯಾಗ್ ಮುಟ್ಟಬೇಡಿ, ದೂರ ನಿಂತು ಫೋನ್ ಮಾಡಿ ಅಂತ ಅದೊಂದನ್ನೇ ಹೇಳಿ. ಆ ಅಜ್ಜಿಯನ್ನು ಮುಂದಿನ ಸಾಲಿನಲ್ಲಿ ಕೂರಿಸಿ. ಇಡೀ ಊರಿನಲ್ಲಿ ಮನುಷ್ಯನ ಮುಖ ನೋಡಿದ್ದು ಅವರೊಬ್ಬರೇ."

"ಸರಿ ಮೇಡಂ."

ಮೇಡಂ ಕಡತ ತೆರೆದರು. "ವರದಿಗೆ ಹೆಸರು ಬೇಕು. ಇಲ್ಲಿ ನಮ್ಮ ಪೇದೆ 'ದೇವಕಿ ಟೀಚರ ಗಂಡ' ಅಂತ ಬರೆದಿದ್ದಾನೆ. ನಿಮ್ಮ ಹೆಸರು ಹೇಳಿ."

ಕೃಷ್ಣಮೋಹನರು ಬಾಯಿ ತೆರೆದರು. ಎಷ್ಟೋ ವರ್ಷ ಬೇರೆಯವರ ಬಾಯಿಂದ ಬರಲೆಂದು ಕಾದ ಹೆಸರು, ಈಗ ಅವರ ಬಾಯಿಗೇ ಬರಲಿಲ್ಲ. ಒಮ್ಮೆ ಕೆಮ್ಮಿದರು. ನೆಲ ನೋಡಿದರು.

ದೇವಕಿ ಟೀಚರ್ ಸೆರಗಿನಿಂದ ಬಾಯಿ ಒರೆಸಿಕೊಂಡರು. ಎದ್ದು ನಿಂತರು. ಮೂವತ್ತಮೂರು ವರ್ಷ ಹಾಜರಿ ಕೂಗಿದ, ಕೊನೆಯ ಬೆಂಚನ್ನು ದಾಟಿ ಮೈದಾನದ ಆಚೆಗೂ ಕೇಳುತ್ತಿದ್ದ ಆ ದನಿಯನ್ನು ಒಳಗಿನಿಂದ ತೆಗೆದರು.

"ಕೃಷ್ಣಮೋಹನಾ!"

ಹೋಟೆಲಿನವನ ಕೈಯಲ್ಲಿ ಚಹಾ ನಿಂತಿತು. ಲಾರಿಯೊಂದರ ಕ್ಲೀನರ್ ಎದ್ದು ಕೂತ. ಹೆಸರು ರಸ್ತೆ ದಾಟಿ, ಹೊಳೆ ದಾಟಿ, ಘಟ್ಟದ ನೀಲಿಗೆ ತಾಗಿ, ಸ್ವಲ್ಪ ಒದ್ದೆಯಾಗಿ, ನಿಧಾನವಾಗಿ ತಿರುಗಿ ಬಂತು.

ಕೃಷ್ಣಮೋಹನರು ಬ್ಯಾಗನ್ನು ಎದೆಗೊತ್ತಿಕೊಂಡು ನೆಟ್ಟಗೆ ಎದ್ದು ನಿಂತರು.

"ಹಾಜರ್, ಟೀಚರ್."